ಪುಟ್ಟಿ ಬಾಯಿ ಬಿಡುವುದಿಲ್ಲವಂತೆ

ಡೈರಿಯಲ್ಲಿ ಕೆಂಪು ಶಾಯಿಯ ಎರಡೇ ಸಾಲು, ಇಂಗ್ಲಿಷಿನಲ್ಲಿ. ಮಗು ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ದಯವಿಟ್ಟು ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ. ಕೆಳಗೆ ಪಾಲಕರ ಸಹಿ. ಸಹಿ ಹಾಕಿದ ದಿನವೇ ತಮ್ಮನ ಹೆಂಡತಿ ಶುರು ಹಚ್ಚಿಕೊಂಡಿದ್ದಳು. "ಪುಟ್ಟಿ, ಕಮ್. ಈಟ್. ವಾಷ್ ಹ್ಯಾಂಡ್." ಒಂದನೇ ಕ್ಲಾಸಿನ ಆ ಕೂಸು ಅಮ್ಮನ ಮುಖವನ್ನೊಮ್ಮೆ ನೋಡಿ ಅಜ್ಜಿಯ ಬೆನ್ನ ಹಿಂದೆ ಸರಿಯುತ್ತಿತ್ತು. ನಮ್ಮ ಆಯಿಗೆ ಬರುವುದು ಕೊಂಕಣಿ ಮತ್ತು ಪೇಟೆಗೆ ಬೇಕಾದಷ್ಟು ಕನ್ನಡ. ತನ್ನಿಂದಾಗಿ ಮೊಮ್ಮಗಳು ಹಿಂದೆ ಬೀಳುವುದು ಬೇಡವೆಂದು ಅವಳು ಮಾತನ್ನೇ ಕಡಿಮೆ ಮಾಡಿದ್ದಳು. ಸಂಜೆ ಕತೆ ಹೇಳುವುದೂ ಬಂದ್.

ನಾನು ಕಲಿಸುವ ಬ್ಯಾಂಕಾಕಿನ ಶಾಲೆಗೆ ಜೂನ್ ಕೊನೆಯಿಂದ ದೊಡ್ಡ ರಜೆ. ಕಾರವಾರದ ಮಳೆ ತಪ್ಪಿಸಿಕೊಳ್ಳಬಾರದೆಂದು ನಾನು ಆಗಲೇ ಬರುವುದು. ಈ ಸಲ ಚೀಲ ಕೆಳಗಿಡುವ ಮೊದಲೇ ಡೈರಿ ಕೈಗೆ ಬಂತು. "ಅಕ್ಕಾ, ಒಮ್ಮೆ ನೀವೇ ಶಾಲೆಗೆ ಬನ್ನಿ. ದೇಶ ಸುತ್ತಿ ಕಲಿಸಿದವರು, ನೀವು ಹೇಳಿದ್ರೆ ಅವರು ಕೇಳ್ತಾರೆ" ಎಂದಳು ತಮ್ಮನ ಹೆಂಡತಿ. ಕೇಳುತ್ತಾರೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಹೊರಗಿನಿಂದ ಬಂದ ಪಂಡಿತರ ಉಪದೇಶ ಯಾವ ಶಿಕ್ಷಕಿಗೂ ಹಿಡಿಸುವುದಿಲ್ಲ. ನನಗೂ ಹಿಡಿಸುವುದಿಲ್ಲ.

ನಾನು ಮಾಸ್ತರಿಕೆ ಶುರು ಮಾಡಿದ್ದು ಅಂಕೋಲಾ ತಾಲೂಕಿನ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಭಜನೆಗೆ ಮರಾಠಿ, ಡಿಗ್ರಿಗೆ ಇಂಗ್ಲಿಷ್. ಕಾರವಾರದ ನಮ್ಮ ಪ್ರಾಯದವರಿಗೆ ಇದರಲ್ಲಿ ವಿಶೇಷ ಏನೂ ಇಲ್ಲ. ಮುಂದೆ ಬೆಂಗಳೂರು, ದುಬೈ, ಈಗ ಬ್ಯಾಂಕಾಕ್. ವರ್ಷಕ್ಕೆ ಹಲವು ಲಕ್ಷ ಫೀ ಕೊಟ್ಟು ಮಕ್ಕಳನ್ನು ಸೇರಿಸುವ ಆ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಪಾಲಕರಿಗೆ ನಾವು ಮೊದಲ ದಿನವೇ ಹೇಳುವುದು ಒಂದೇ: ಇಂಗ್ಲಿಷ್ ನಮಗೆ ಬಿಡಿ, ಮನೆಯಲ್ಲಿ ನಿಮ್ಮ ಭಾಷೆಯನ್ನೇ ಆಡಿ. ಇಲ್ಲಿ ಕಷ್ಟಪಟ್ಟು ಫೀ ಹೊಂದಿಸುವ ನನ್ನ ತಮ್ಮನಿಗೆ ಹೇಳಿದ್ದು ತದ್ವಿರುದ್ಧ. ದುಡ್ಡಿದ್ದವರ ಮಕ್ಕಳಿಗೆ ಮನೆಮಾತು ಆಸ್ತಿ, ಇಲ್ಲದವರ ಮಕ್ಕಳಿಗೆ ಅಡ್ಡಿ ಎಂಬ ಈ ಲೆಕ್ಕ ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ದುಬೈಯಲ್ಲಿ ಅಡ್ಮಿಶನ್ ಸಮಯದಲ್ಲಿ ಮನೆಯ ಭಾಷೆ ಯಾವುದೆಂದು ಕೇಳುವುದು ನನ್ನ ಕೆಲಸವಾಗಿತ್ತು. ಒಬ್ಬ ತಂದೆ ಫಾರ್ಮಿನಲ್ಲಿ ಇಂಗ್ಲಿಷ್ ಎಂದು ಬರೆದಿದ್ದರು. ಹೊರಗೆ ವರಾಂಡದಲ್ಲಿ ಅವರು ಫೋನಿನಲ್ಲಿ ಆಡುತ್ತಿದ್ದುದು ಅಪ್ಪಟ ಭಟ್ಕಳದ ನವಾಯತಿ, ನಮ್ಮ ಕೊಂಕಣಿಯ ದಾಯಾದಿ. ಒಳಗೆ ಬಂದು ಕೂತ ಮೇಲೆ ನಾನು ಕೊಂಕಣಿಯಲ್ಲಿ, ಯಾವ ಕೇರಿಯವರು ಎಂದು ಕೇಳಿದೆ. ಅವರು ಪೆನ್ನು ಕೆಳಗಿಟ್ಟು ನಕ್ಕರು. ಆಮೇಲೆ ಫಾರ್ಮ್ ವಾಪಸು ತೆಗೆದುಕೊಂಡು ಇಂಗ್ಲಿಷ್ ಹೊಡೆದು ಹಾಕಿ, ನವಾಯತಿ ಎಂದು ಬರೆದರು. ಇಂಗ್ಲಿಷ್ ಅಂತ ಬರೆದರೆ ಸೀಟು ಗ್ಯಾರಂಟಿ ಎಂದು ಯಾರೋ ಹೇಳಿದ್ದರಂತೆ.

ಹಾಗಂತ ಅಲ್ಲೆಲ್ಲ ಸತ್ಯಯುಗ ನಡೆದಿದೆ ಎಂದಲ್ಲ. ಫೆಬ್ರವರಿ 21ರಂದು ಮಾತೃಭಾಷಾ ದಿನವೆಂದು ಸೀರೆ, ಕಿಮೋನೊ, ಸಮೋಸಾ ಎಲ್ಲ ಆಗುತ್ತದೆ. 22ಕ್ಕೆ ಮತ್ತೆ ಇಂಗ್ಲಿಷಿನ ಸಂಸಾರ. ಫ್ರೆಂಚ್ ಆಡುವ ಮಗು ಜಾಣ, ಬಂಗಾಳಿ ಆಡುವ ಮಗುವಿಗೆ ಇಂಗ್ಲಿಷ್ ಕಮ್ಮಿ ಎಂದು ಮಾತಾಡುವ ಸಹೋದ್ಯೋಗಿಗಳು ನನಗೂ ಸಿಕ್ಕಿದ್ದಾರೆ. ಆದರೂ ಕೆಲವು ವ್ಯವಸ್ಥೆ ಗಟ್ಟಿಯಾಗಿವೆ. 1968ರಲ್ಲಿ ಜಿನೀವಾದಲ್ಲಿ ಶುರುವಾದ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್) ಸಂಸ್ಥೆಯ ಡಿಪ್ಲೊಮಾದಲ್ಲಿ, ಶಾಲೆಯಲ್ಲಿ ಆ ಭಾಷೆ ಕಲಿಸುವವರು ಇಲ್ಲದಿದ್ದರೂ ವಿದ್ಯಾರ್ಥಿ ತನ್ನ ಭಾಷೆಯ ಸಾಹಿತ್ಯವನ್ನು ಸ್ವಂತ ಓದಿ ಪರೀಕ್ಷೆ ಬರೆಯಬಹುದು. ನನ್ನ ಕೈಕೆಳಗೆ ಒಬ್ಬ ಹುಡುಗಿ ನೇಪಾಳಿಯನ್ನು ಹಾಗೆ ಓದಿದಳು. ನನಗೆ ನೇಪಾಳಿ ಬಾರದು. ಪದ್ಯವನ್ನು ಹೇಗೆ ಬಿಡಿಸಬೇಕೆಂದು ನಾನು ಇಂಗ್ಲಿಷಿನಲ್ಲಿ ಹೇಳುವುದು, ಅವಳು ನೇಪಾಳಿಯಲ್ಲಿ ಬರೆಯುವುದು, ಕಠ್ಮಂಡುವಿನ ಅಜ್ಜ ಫೋನಿನಲ್ಲಿ ತಿದ್ದುವುದು. ಹಾಗೇ ನಡೆಯಿತು ಎರಡು ವರ್ಷ.

ಪುಟ್ಟಿಯ ವಿಷಯ ನನಗೆ ಹೊಸದೇನಲ್ಲ. ಗೊತ್ತಿಲ್ಲದ ಭಾಷೆಯ ನಡುವೆ ಬಿದ್ದ ಮಕ್ಕಳು ಎಷ್ಟೋ ಸಲ ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಒಳಗೆ ಕೇಳಿಸಿಕೊಳ್ಳುವ ಕೆಲಸ ನಡೆದೇ ಇರುತ್ತದೆ. ರಂಪಣಿ ಎಂಬ ದೊಡ್ಡ ಮೀನುಬಲೆ ಎಳೆಯುವಾಗ ಅದು ದಡಕ್ಕೆ ಬರುವ ತನಕ ನೀರು ಬಿಟ್ಟು ಬೇರೇನೂ ಕಾಣುವುದಿಲ್ಲವಲ್ಲ, ಹಾಗೆ. ಕೆನಡಾದ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲೇ ಆಟದ ಬಯಲಿನ ಭಾಷೆ ಬೇರೆ, ಪಾಠದ ಭಾಷೆ ಬೇರೆ ಎಂದು ವಿಂಗಡಿಸಿದರು. ಮೊದಲನೆಯದು ಒಂದೆರಡು ವರ್ಷಕ್ಕೆ ಕೈಗೆ ಬರುತ್ತದೆ. ಎರಡನೆಯದಕ್ಕೆ ಐದಾರು ವರ್ಷವಾದರೂ ಬೇಕು. ಮನೆಮಾತಿನಲ್ಲಿ ಯೋಚಿಸುವುದನ್ನು ಕಲಿತ ಮಗು ಅದನ್ನು ಇನ್ನೊಂದು ಭಾಷೆಗೆ ದಾಟಿಸುತ್ತದೆ. ದಾಟಿಸುವುದಕ್ಕೆ ಮೊದಲು ಏನಾದರೂ ಇರಬೇಕಲ್ಲ. "ಕಮ್, ಈಟ್"ನಲ್ಲಿ ಎಷ್ಟು ಯೋಚನೆ ಹುಟ್ಟೀತು?

ಆದರೆ ಇದನ್ನೆಲ್ಲ ಅಕ್ಕೋರ, ಅಂದರೆ ಪುಟ್ಟಿಯ ಟೀಚರ, ಮುಂದೆ ಬಿಡಿಸಿದರೆ ಅದು ಭಾಷಣವಾಗುತ್ತದೆ. ಹಿಂದಿನ ರಾತ್ರಿ ಮಾತಿಲ್ಲದ ಒಂದು ಚಿತ್ರಪುಸ್ತಕ ತೆಗೆದೆ. ಇಂಥವು ನನ್ನ ಚೀಲದಲ್ಲಿ ಇದ್ದೇ ಇರುತ್ತವೆ. ಬೆಕ್ಕೊಂದು ಪೇಟೆಯಲ್ಲಿ ಮೀನು ಕದಿಯುವ ಕತೆ. ಪುಟ್ಟಿಯನ್ನು ಆಯಿಯ ಪಕ್ಕ ಕೂರಿಸಿ, ಅಜ್ಜಿಗೆ ಕನ್ನಡಕ ಸಿಕ್ಕಿಲ್ಲ, ನೀನೇ ಹೇಳು ಎಂದೆ. ಫೋನಿನ ರೆಕಾರ್ಡರ್ ಒತ್ತಿದೆ. ಹೊರಗೆ ಮಳೆ ಜೋರಿತ್ತು. ಮೊದಲ ಪುಟಕ್ಕೆ ಒಂದು ಮಾತು, ಎರಡನೆಯದಕ್ಕೆ ನಾಲ್ಕು. ಆಮೇಲೆ ಹಿಡಿಯುವವರಿಲ್ಲ. ಚಿತ್ರದಲ್ಲಿದ್ದದ್ದು ಸುಮ್ಮನೆ ಒಂದು ಮೀನು. ಇವಳು ಅದನ್ನು ಬಂಗಡೆ ಎಂದು ತೀರ್ಮಾನಿಸಿದಳು. ಮಾರುವವಳು ನೂರಕ್ಕೆ ಐದು ಎಂದಳಂತೆ. ಕೊಳ್ಳುವವಳು, ನಿನ್ನೆ ಏಳು ಕೊಟ್ಟಿದ್ದೆಯಲ್ಲ, ಇವತ್ತೇನು ಬಂಗಾರದ ಮೀನಾ, ಎಂದಳಂತೆ. ಇಬ್ಬರೂ ಜಗಳಕ್ಕೆ ಬಿದ್ದದ್ದರಿಂದಲೇ ಬೆಕ್ಕಿಗೆ ಒಂದು ಸಿಕ್ಕಿತು. ಹಾಗಾಗಿ ಆರಕ್ಕೆ ಮುಗಿಸಿದ್ದರೆ ಇಬ್ಬರಿಗೂ ಲಾಭವಿತ್ತು. ಆಯಿ ನಗುತ್ತ ಕೆಮ್ಮಿದ್ದೂ ರೆಕಾರ್ಡಿನಲ್ಲಿದೆ.

ಬೆಳಿಗ್ಗೆ ಸದಾಶಿವಗಡದಿಂದ ಹೊರಟೆವು. 2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದ ಮೇಲೆ ಇನ್ನೊಂದು ಸೇತುವೆ ದಾಟುವಾಗಲೂ ತಮ್ಮನ ಹೆಂಡತಿ ಸ್ಕೂಟರಿನ ಹಿಂದೆ ದೇವರ ಹೆಸರು ಹೇಳುತ್ತಾಳೆ. ಅಕ್ಕೋರು ಚಿಕ್ಕ ಪ್ರಾಯದವರು, ಶಿರಸಿ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದವರು. ಕ್ಲಾಸಿನಲ್ಲಿ ನಲವತ್ತಕ್ಕೆ ಹತ್ತಿರ ಮಕ್ಕಳು. ನಾನು ಪರಿಚಯ ಹೇಳಿಕೊಂಡದ್ದೇ ಅವರು ಎದ್ದು ನಿಂತರು; ನನಗೇ ಮುಜುಗರವಾಯಿತು. "ನಾನೇನು ಮಾಡ್ಲಿ ಮೇಡಂ, ಡೈರಿಯಲ್ಲಿ ಹಾಗೇ ಬರೀಬೇಕು ಅಂತ ಮೇಲಿಂದ ಹೇಳಿದ್ದು" ಎಂದರು. ನಾನು ವಾದಕ್ಕೆ ಹೋಗದೆ ಫೋನು ಮುಂದಿಟ್ಟೆ.

ಅವರ ಮನೆಮಾತು ಹವ್ಯಕ ಕನ್ನಡ, ಆದರೆ ಕಾರವಾರದ ಪೇಟೆ ಎಲ್ಲರಿಗೂ ಕೊಂಕಣಿ ಕಲಿಸಿಬಿಡುತ್ತದೆ. ಮೊದಲು ಸೌಜನ್ಯಕ್ಕೆಂದು ಕೇಳುತ್ತಿದ್ದವರು ಬಂಗಾರದ ಮೀನಿನ ಹತ್ತಿರ ಬಂದಾಗ ಫಕ್ಕನೆ ನಕ್ಕರು. "ಇದು ಅವಳದೇ ದನಿಯಾ? ನಾನು ಕೇಳಿಯೇ ಇರಲಿಲ್ಲ." ಇನ್ನೊಮ್ಮೆ ಹಾಕಿಸಿದರು. ಈ ಸಲ ನಾನು ನಡುನಡುವೆ ನಿಲ್ಲಿಸಿ ತೋರಿಸಿದೆ: ಇಲ್ಲಿ ಕಾರಣ ಹೇಳಿದಳು, ಇಲ್ಲಿ ಹೋಲಿಸಿದಳು, ಇಲ್ಲಿ ಲೆಕ್ಕ ಮಾಡಿದಳು. ನಿಮ್ಮ ಪಟ್ಟಿಯಲ್ಲಿ ಬರುವುದಿಲ್ಲ ಎಂದು ಗುರುತು ಹಾಕಿರುವುದೆಲ್ಲ ಬರುತ್ತದೆ, ಇಂಗ್ಲಿಷ್ ಒಂದು ಬಿಟ್ಟು. ಅದನ್ನು ಕಲಿಸುವುದಕ್ಕೇ ಅಲ್ಲವೇ ಶಾಲೆ ಇರುವುದು.

ಅಕ್ಕೋರು ಡೈರಿ ತೆಗೆದುಕೊಂಡು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತರು. ಆ ಸಾಲನ್ನು ಹೊಡೆದು ಹಾಕಲು ಅವರಿಗೆ ಆಗಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಕೆಲಸ ಅವರದು, ಪಗಾರವೂ ಅವರದು. ಕೆಳಗೆ ಹೊಸದಾಗಿ, ದಿನಾ ರಾತ್ರಿ ಅಜ್ಜಿಯ ಹತ್ತಿರ ಕತೆ ಹೇಳಿಸಿ ಎಂದು ಬರೆದರು, ಕನ್ನಡದಲ್ಲೇ. ತಮ್ಮನ ಹೆಂಡತಿ ಅದನ್ನು ಓದಿ, "ಇಂಗ್ಲಿಷ್ ಯಾವಾಗ ಬರ್ತದೆ ಹಾಗಾದ್ರೆ?" ಎಂದು ನನ್ನನ್ನೇ ಕೇಳಿದಳು. ನಾಳೆ ಗೋವಾದಲ್ಲೋ ಬೆಂಗಳೂರಿನಲ್ಲೋ ಕೆಲಸ ಸಿಗಬೇಕಾದ ಮಗಳು. ಅವಳ ಆತಂಕ ಸುಳ್ಳಲ್ಲ.

ಹೊರಡಲು ಎದ್ದಾಗ ಅಕ್ಕೋರು ಕಡೇ ಬೆಂಚಿನ ಒಬ್ಬ ಹುಡುಗನನ್ನು ತೋರಿಸಿದರು. ಅಪ್ಪ ಸೀಬರ್ಡ್ ನೌಕಾನೆಲೆಯಲ್ಲಿ ಗುತ್ತಿಗೆ ಕೆಲಸದವರು, ಒಡಿಶಾದಿಂದ ಬಂದವರು. ಅವನೂ ಬಾಯಿ ಬಿಡುವುದಿಲ್ಲವಂತೆ. "ಒಡಿಯಾ ನಮಗ್ಯಾರಿಗೂ ಬರೂದಿಲ್ಲ. ಅವರಮ್ಮನಿಗೆ ಸ್ವಲ್ಪ ಹಿಂದಿ ಬರ್ತದೆ. ಆ ಬೆಕ್ಕಿನ ಪುಸ್ತಕ ಎರಡು ದಿನ ಇಟ್ಟುಕೊಳ್ಳಲಾ?" ಪುಸ್ತಕ ಕೊಟ್ಟೆ. ಭಾನುವಾರ ಗೋವಾದ ದಾಬೋಳಿಯಿಂದ ನನ್ನ ವಿಮಾನ. ಶನಿವಾರ ಶಾಲೆ ಬಿಡುವ ಹೊತ್ತಿಗೆ ಆ ತಾಯಿಯನ್ನು ಕರೆಸುತ್ತೇನೆಂದು ಅಕ್ಕೋರು ಅಲ್ಲೇ ನಂಬರು ಹುಡುಕತೊಡಗಿದರು.