ಅಕ್ಟೋಬರಿನಲ್ಲಿ ಯಾವ ದಿನ ಗಾಳ ಹಾಕಬೇಕು?

ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಹ್ಯೂಸ್ಟನ್ನಿನ ಕನ್ನಡ ಗೆಳೆಯರಿಂದ ನನಗೆ ಒಂದೇ ಪ್ರಶ್ನೆ ಬರತೊಡಗುತ್ತದೆ: ‘ಗ್ಯಾಲ್ವೆಸ್ಟನ್ ಕೊಲ್ಲಿಯಲ್ಲಿ ರೆಡ್‌ಫಿಶ್, ಟ್ರೌಟ್ ಸಿಗುವ ಕಾಲವಂತಲ್ಲ, ಯಾವ ಶನಿವಾರ ಹೋಗೋಣ, ಎಲ್ಲಿಗೆ ಹೋಗೋಣ?’ ಒಂದು ತಾರೀಖನ್ನೂ ಒಂದು ಜಾಗವನ್ನೂ ಹೇಳಿಬಿಡುವುದು ಸುಲಭ, ಆದರೆ ಹಾಗೆ ಹೇಳಿದರೆ ಕೇಳಿದವರಿಗೆ ಮೋಸ ಮಾಡಿದಂತಾಗುತ್ತದೆ. ಶರತ್ಕಾಲದಲ್ಲಿ ಇಲ್ಲಿ ದಿನವನ್ನು ಗೊತ್ತುಮಾಡುವುದು ಬಡಗಣ ಗಾಳಿ, ಜಾಗವನ್ನು ಗೊತ್ತುಮಾಡುವುದು ಸಿಗಡಿ.

ಮೊದಲು ಮೀನುಗಳ ಪರಿಚಯ. ಪುಸ್ತಕಗಳಲ್ಲಿ ರೆಡ್ ಡ್ರಮ್ ಎಂದಿರುವುದನ್ನೇ ಟೆಕ್ಸಾಸಿನವರು ರೆಡ್‌ಫಿಶ್ ಎನ್ನುತ್ತಾರೆ. ತಾಮ್ರದ ಮೈಬಣ್ಣ, ಬಾಲದ ಬುಡದಲ್ಲಿ ಕಣ್ಣಿನಂತೆ ಕಾಣುವ ಕಪ್ಪು ಬೊಟ್ಟು ಅದರ ಗುರುತು. ಇಲ್ಲಿನ ಟ್ರೌಟ್ ತಣ್ಣನೆಯ ಬೆಟ್ಟದ ಹೊಳೆಯ ಟ್ರೌಟ್ ಅಲ್ಲ. ಬೆನ್ನಿನ ಮೇಲೆ ಚುಕ್ಕೆಗಳಿವೆ ಎಂಬ ಕಾರಣಕ್ಕೆ ಮಾತ್ರ ಆ ಹೆಸರು ಅದಕ್ಕೆ ಅಂಟಿಕೊಂಡಿದೆ. ಇವೆರಡೂ ಸಯೆನಿಡೆ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಮಂಗಳೂರಿನ ಮಾರುಕಟ್ಟೆಯಲ್ಲಿ ಕಲ್ಲೂರು ಎಂದು ಕೊಳ್ಳುತ್ತೇವಲ್ಲ, ಅದೂ ಇದೇ ಕುಟುಂಬದ ಮೀನು. ಗಂಡು ಮೀನು ಗಾಳಿಚೀಲವನ್ನು ಸ್ನಾಯುಗಳಿಂದ ಅದುರಿಸಿ ಡೋಲು ಬಾರಿಸಿದಂತೆ ಸದ್ದು ಮಾಡುತ್ತದೆ. ಕುಂದಾಪುರದ ಕಡೆಯವನಾದ ನನಗೆ ಇಲ್ಲಿನ ನೀರು ಪರಕೀಯವೆನಿಸದೆ ಹೋದದ್ದಕ್ಕೆ ಈ ನೆಂಟಸ್ತಿಕೆಯೂ ಒಂದು ಕಾರಣವಿರಬೇಕು.

ಇನ್ನು ಸಿಗಡಿಯ ವಿಷಯ. ಬಿಳಿ ಸಿಗಡಿ ಹುಟ್ಟುವುದು ಹೊರಗಿನ ಸಮುದ್ರದಲ್ಲಿ. ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕದಿರುವಾಗಲೇ ಅದು ಅಳಿವೆಯ ಮೂಲಕ ಒಳಗೆ ಬಂದು, ಕೊಲ್ಲಿಯ ಅಂಚಿನ ಜವುಗು ಹುಲ್ಲಿನ ನಡುವೆ ಬೇಸಿಗೆಯಿಡೀ ಬೆಳೆಯುತ್ತದೆ. ನೀರು ತಣ್ಣಗಾಗತೊಡಗಿದ ಕೂಡಲೇ ಆ ಹುಲ್ಲನ್ನು ತೊರೆದು, ಸಣ್ಣ ಸಣ್ಣ ತೋಡುಗಳ ಮೂಲಕ ಕೊಲ್ಲಿಗೆ, ಕೊಲ್ಲಿಯಿಂದ ಮತ್ತೆ ಸಮುದ್ರಕ್ಕೆ ಹೊರಡುತ್ತದೆ. ಬೇಸಿಗೆಯಲ್ಲಿ ಆಹಾರ ಕೊಲ್ಲಿಯ ತುಂಬ ಚದುರಿರುವುದರಿಂದ ಮೀನೂ ಚದುರಿರುತ್ತದೆ. ಅಕ್ಟೋಬರಿನಲ್ಲಾದರೋ ಆಹಾರವೆಲ್ಲ ಕೆಲವೇ ಇಕ್ಕಟ್ಟಾದ ದಾರಿಗಳಲ್ಲಿ ಸಾಗಬೇಕಾಗುತ್ತದೆ, ಆ ದಾರಿಗಳ ಬಾಯಲ್ಲಿ ಮೀನು ಬಂದು ನಿಲ್ಲುತ್ತದೆ. ‘ಎಲ್ಲಿಗೆ ಹೋಗೋಣ’ ಎಂದು ಕೇಳುವವರಿಗೆ ನಾನು ನಕ್ಷೆಯಲ್ಲಿ ಒಂದು ಬಿಂದುವನ್ನು ತೋರಿಸುವುದಿಲ್ಲ. ಜವುಗಿನಿಂದ ನೀರು ಹೊರಬರುವ ತೋಡಿನ ಬಾಯಿಗಳನ್ನು ಎಣಿಸಿಕೊಂಡು ಬನ್ನಿ ಎನ್ನುತ್ತೇನೆ.

ಆ ಸಿಗಡಿಯನ್ನು ಹೊರಡಿಸುವುದೇ ಬಡಗಣ ಗಾಳಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ ಬರುವುದನ್ನು ನೋಡಿ ಬೆಳೆದವರಿಗೆ ಇಲ್ಲಿನ ಸಮುದ್ರದ ಏರಿಳಿತ ಬಹಳ ಕಡಿಮೆ ಎನಿಸುತ್ತದೆ. ಗ್ಯಾಲ್ವೆಸ್ಟನ್ನಿನಲ್ಲಿ ಅದು ಸುಮಾರು ಒಂದೂವರೆ ಅಡಿಯಷ್ಟೇ. ಹಡಗಿನ ಕಾಲುವೆಯನ್ನು ಬಿಟ್ಟರೆ ಕೊಲ್ಲಿಯ ಬಹುಭಾಗ ಹತ್ತು ಅಡಿಗಿಂತ ಆಳವಿಲ್ಲ. ಹೀಗಾಗಿ ಇಲ್ಲಿ ನೀರನ್ನು ಆಳುವುದು ಚಂದ್ರನಿಗಿಂತ ಹೆಚ್ಚಾಗಿ ಗಾಳಿ. ಉತ್ತರದಿಂದ ಶೀತ ಗಾಳಿಯ ಅಲೆಯೊಂದು ಇಳಿದು ಬರುವ ಮುನ್ನ ಒಂದೆರಡು ದಿನ ಆಗ್ನೇಯದಿಂದ ಬೆಚ್ಚನೆಯ ತೇವದ ಗಾಳಿ ಬೀಸಿ, ಸಮುದ್ರದ ನೀರನ್ನು ಒಳಕ್ಕೆ ತಳ್ಳಿ, ಹುಲ್ಲಿನ ಬುಡದವರೆಗೂ ತುಂಬುತ್ತದೆ. ಆಗ ಮೀನು ಹಸಿದು ತಿನ್ನುತ್ತದೆ, ಆದರೆ ನೀರು ಎಲ್ಲೆಡೆ ಹರಡಿರುವುದರಿಂದ ಅದನ್ನು ಹುಡುಕುವುದು ಕಷ್ಟ. ಅಲೆ ಬಂದ ದಿನ ಗಾಳಿ ತಟಕ್ಕನೆ ಉತ್ತರಕ್ಕೆ ತಿರುಗಿ, ಕೊಲ್ಲಿಯ ನೀರನ್ನೇ ಗುಡಿಸಿ ಹೊರಹಾಕುತ್ತದೆ. ಅಂದು ದೋಣಿ ಇಳಿಸಲೇಬಾರದು. ಮಾರನೆಯ ದಿನ ಆಕಾಶ ತೊಳೆದಿಟ್ಟಂತೆ ನೀಲಿಯಾಗಿರುತ್ತದೆ. ನೋಡಿದವರಿಗೆ ಇಂದೇ ಹೋಗಬೇಕು ಎನಿಸುತ್ತದೆ, ಆದರೆ ಮೀನು ಮಂಕಾಗಿರುತ್ತದೆ. ಎರಡನೆಯ ಅಥವಾ ಮೂರನೆಯ ದಿನ ಗಾಳಿ ತಗ್ಗಿ ಪೂರ್ವಕ್ಕೆ ವಾಲತೊಡಗಿದಾಗ, ನೀರು ತಿಳಿಯಾಗಿ ತೋಡುಗಳು ಇನ್ನೂ ಹರಿಯುತ್ತಿರುವಾಗ, ನಾವು ಹೋಗಬೇಕು.

ಇದನ್ನು ನಾನು ಸುಮ್ಮನೆ ಕಲಿಯಲಿಲ್ಲ. ನನ್ನ ಮೊದಲ ಶರತ್ಕಾಲದಲ್ಲಿ ಶನಿವಾರ ರಜೆ ಎಂಬ ಒಂದೇ ಕಾರಣಕ್ಕೆ, ಗಾಳಿ ಬೀಸುತ್ತಿರುವಾಗಲೇ, ಗೆಳೆಯನೊಬ್ಬನನ್ನು ಕರೆದುಕೊಂಡು ಹೋಗಿದ್ದೆ. ಹಿಂದಿನ ವಾರ ಮೂರು ಅಡಿ ನೀರಿದ್ದ ಕಡೆ ಸಿಂಪಿಯ ದಿಬ್ಬ ಮೇಲೆದ್ದು ನಿಂತಿತ್ತು. ದೋಣಿ ಅದರ ಮೇಲೆ ಕುಳಿತುಕೊಂಡಿತು. ಈಜು ಬಾರದ ಆ ಗೆಳೆಯ ನಾಲ್ಕು ಗಂಟೆ ಚಳಿಯಲ್ಲಿ ನಡುಗುತ್ತಾ ಕುಳಿತದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಅಂದಿನಿಂದ ನಾನು ಕ್ಯಾಲೆಂಡರನ್ನು ನೋಡಿ ದಿನ ಇಟ್ಟುಕೊಂಡಿಲ್ಲ.

ನೀರಿಗಿಳಿದ ಮೇಲೆ ದಾರಿ ತೋರಿಸುವವು ಹಕ್ಕಿಗಳು. ಟ್ರೌಟ್ ಹಿಂಡು ಕೆಳಗಿನಿಂದ ಅಟ್ಟಿದಾಗ ಸಿಗಡಿ ನೀರಿನಿಂದ ಚಿಮ್ಮುತ್ತದೆ, ಮೇಲಿನಿಂದ ಕಡಲಹಕ್ಕಿಗಳು ಕಿರುಚುತ್ತಾ ಎರಗುತ್ತವೆ. ಅಂಥ ಗುಂಪು ಕಂಡಾಗ ಅದರ ನಡುವೆ ಇಂಜಿನ್ ಓಡಿಸಿಕೊಂಡು ಹೋಗುವವರನ್ನು ಪ್ರತಿ ವರ್ಷ ನೋಡುತ್ತೇನೆ. ಒಂದೇ ನಿಮಿಷದಲ್ಲಿ ಹಿಂಡು ಮುಳುಗಿ ಎಲ್ಲರ ಆಟವೂ ಕೆಡುತ್ತದೆ. ದೂರದಲ್ಲೇ ಇಂಜಿನ್ ನಿಲ್ಲಿಸಿ, ಗಾಳಿಯ ಮೇಲ್ಗಡೆಯಿಂದ ತೇಲಿಕೊಂಡು ಹತ್ತಿರವಾಗಬೇಕು. ಹಕ್ಕಿಗಳಿಲ್ಲದಿದ್ದರೆ ನೀರಿನ ಮೇಲೆ ಎಣ್ಣೆ ಚೆಲ್ಲಿದಂತೆ ನುಣುಪಾಗಿ ಹರಡುವ ಮಚ್ಚೆಗಳನ್ನು ನೋಡಿ. ಕೆಳಗೆ ಮೀನು ತಿನ್ನುತ್ತಿರುವಾಗ ಮೇಲೇಳುವ ಜಿಡ್ಡು ಅದು, ಮತ್ತು ಅದಕ್ಕೆ ಕೊಯ್ದ ಕಲ್ಲಂಗಡಿಯ ವಾಸನೆಯಿರುತ್ತದೆ ಎಂದರೆ ಹೊಸಬರು ನಂಬುವುದಿಲ್ಲ, ಒಮ್ಮೆ ಮೂಸಿದ ಮೇಲೆ ಮರೆಯುವುದೂ ಇಲ್ಲ.

ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಳೆದಾಗ ‘ಬ್ಲಪ್’ ಎಂದು ಸದ್ದು ಮಾಡುವ ತೇಲುಬುರುಡೆ, ಅದರ ಕೆಳಗೆ ಎರಡು ಅಡಿ ದಾರ, ತುದಿಯಲ್ಲಿ ಜೀವಂತ ಸಿಗಡಿ ಅಥವಾ ಅದನ್ನು ಹೋಲುವ ಮೆತ್ತನೆಯ ಪ್ಲಾಸ್ಟಿಕ್ ಇದ್ದರೆ ಎರಡೂ ಮೀನುಗಳಿಗೆ ಸಾಕು. ಟ್ರೌಟಿನ ಬಾಯಿ ಕಾಗದದಷ್ಟು ತೆಳು. ಜಗ್ಗಿ ಎಳೆದರೆ ಹರಿದುಹೋಗುತ್ತದೆ. ರೆಡ್‌ಫಿಶ್ ಹಾಗಲ್ಲ. ಅದು ಮೊಣಕಾಲುದ್ದದ ನೀರಿನಲ್ಲಿ ತಲೆ ತಗ್ಗಿಸಿ ಕೆಸರನ್ನು ಕೆದಕುತ್ತಾ, ಬಾಲವನ್ನು ಗಾಳಿಗೆ ಎತ್ತಿ ಆಡಿಸುತ್ತಿರುತ್ತದೆ. ಆ ಬಾಲವನ್ನು ಕಂಡ ಮೇಲೆ ಗಾಳವನ್ನು ಅದರ ಮೇಲೆಯೇ ಎಸೆಯದೆ ನಾಲ್ಕು ಅಡಿ ಮುಂದಕ್ಕೆ ಎಸೆಯುವಷ್ಟು ತಾಳ್ಮೆ ಬರಲು ನನಗೆ ಎರಡು ವರ್ಷ ಬೇಕಾಯಿತು.

ಇಷ್ಟು ಕೇಳಿದವರು ಮುಂದೆ ಕೇಳುವುದು, ‘ದೊಡ್ಡದನ್ನು ಏಕೆ ಬಿಟ್ಟುಬಿಡುತ್ತೀರಿ?’ ಎಂದು. ಟೆಕ್ಸಾಸಿನಲ್ಲಿ ಒಬ್ಬರು ದಿನಕ್ಕೆ 20ರಿಂದ 28 ಇಂಚಿನ ಮೂರು ರೆಡ್‌ಫಿಶ್‌ಗಳನ್ನೂ, 2024ರಿಂದ ಈಚೆಗೆ 15ರಿಂದ 20 ಇಂಚಿನ ಮೂರು ಟ್ರೌಟ್‌ಗಳನ್ನೂ ಇಟ್ಟುಕೊಳ್ಳಬಹುದು. ನಿಯಮ ಬದಲಾಗುವುದುಂಟು, ಹೊರಡುವ ಮುನ್ನ ನೋಡಿಕೊಳ್ಳಿ. ರೆಡ್‌ಫಿಶ್ ಮೊದಲ ಮೂರ್ನಾಲ್ಕು ವರ್ಷ ಕೊಲ್ಲಿಯೊಳಗೆ ಬೆಳೆದು ಆಮೇಲೆ ಸಮುದ್ರಕ್ಕೆ ಹೋಗುತ್ತದೆ, 40 ವರ್ಷದವರೆಗೂ ಬದುಕಬಲ್ಲದು. ಆ ಹಿರಿಯ ಮೀನುಗಳು ಶರತ್ಕಾಲದಲ್ಲಿ ಅಳಿವೆಯ ಬಾಯಿಗೆ ಬರುವುದು ಮೊಟ್ಟೆಯಿಡುವುದಕ್ಕೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳನ್ನು ದಡಕ್ಕೆ ಕಟ್ಟಿಹಾಕುವುದರ ಹಿಂದೆ ಇರುವ ಕಾಳಜಿಯೇ ಇಲ್ಲಿ ಅಳತೆಪಟ್ಟಿಯ ರೂಪದಲ್ಲಿದೆ. 2021ರ ಫೆಬ್ರುವರಿಯ ಹಿಮಗಾಳಿಗೆ ಟೆಕ್ಸಾಸ್ ಕರಾವಳಿಯಲ್ಲಿ ಸುಮಾರು 38 ಲಕ್ಷ ಮೀನುಗಳು ಸತ್ತವು, ಟ್ರೌಟ್‌ಗೆ ಬಿದ್ದ ಪೆಟ್ಟು ದೊಡ್ಡದಾಗಿತ್ತು. ದಡದ ಮೇಲೆ ಬೆಳ್ಳಗೆ ತೇಲಿ ಬಂದ ಆ ಮೀನುಗಳ ಸಾಲನ್ನು ಕಂಡವನು ಮೊಟ್ಟೆ ತುಂಬಿದ ತಾಯಿಯನ್ನು ಐಸ್ ಪೆಟ್ಟಿಗೆಗೆ ಹಾಕಲಾರ. ಊಟದ ಮಾತಿಗೆ ಬಂದರೂ ಚಿಕ್ಕದೇ ರುಚಿ: 22 ಇಂಚಿನ ರೆಡ್‌ಫಿಶ್ ತೆಂಗಿನಕಾಯಿಯ ಸಾರಿನಲ್ಲಿ ಒಡೆಯದೆ ನಿಲ್ಲುತ್ತದೆ, ಟ್ರೌಟನ್ನು ಅಂದೇ ರವೆ ಹಚ್ಚಿ ಕರಿಯಬೇಕು.

ಆದ್ದರಿಂದ ಈ ವರ್ಷ ಕೇಳಿದವರಿಗೂ ನಾನು ಶನಿವಾರವನ್ನು ಹೇಳಿಲ್ಲ. ಹವಾಮಾನ ವರದಿಯಲ್ಲಿ ಮೊದಲ ಗಟ್ಟಿ ಬಡಗಣ ಗಾಳಿ ಕಂಡ ದಿನದಿಂದ ಮೂರು ಎಣಿಸಿ. ಅದು ಬುಧವಾರವಾದರೆ ಬುಧವಾರಕ್ಕೇ ರಜೆ ಹಾಕಿ. ಬೆಳಗಿನ ಜಾವಕ್ಕೇ ಏಳಬೇಕೆಂದೇನೂ ಇಲ್ಲ. ಇಳಿತ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂದು ನೋಡಿಕೊಂಡು, ಅದಕ್ಕೆ ಒಂದು ಗಂಟೆ ಮೊದಲು ದೋಣಿ ಇಳಿಸುವ ಕಡೆ ಬನ್ನಿ. ಈಜು ಬಾರದವರಿಗೆ ಜಾಕೆಟ್ ನಾನು ತಂದಿರುತ್ತೇನೆ.