ನೆಲದ ಮೇಲೆ ಕೂತು ಹಾಡೋರಿಗೊಂದು ಡೆಸ್ಕು

ನಾವಿರೋದು ಮಿನಿಯಾಪೊಲಿಸ್ ಪಕ್ಕದ ಒಂದು ಸಣ್ಣ ಊರಲ್ಲಿ. ಮನೆ ಕೆಳಗೆ ಬೇಸ್‌ಮೆಂಟ್ ಇದೆ, ಜನವರೀಲಿ ಹೊರಗೆ ಮೈನಸ್ 20 ಡಿಗ್ರಿ ಇದ್ರೂ ಅಲ್ಲಿ ಬೆಚ್ಚಗಿರತ್ತೆ, ರಸ್ತೆ ಸದ್ದು ಅಷ್ಟಾಗಿ ಇಳಿಯಲ್ಲ. ನನ್ನ ಹೆಂಡ್ತಿ ಅಲ್ಲೇ ದೇವರನಾಮ ರೆಕಾರ್ಡ್ ಮಾಡ್ತಾಳೆ, ಶನಿವಾರ ಭಾನುವಾರ ಇಲ್ಲಿನ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳ್ಕೊಡ್ತಾಳೆ. ಮೊದಲೆರಡು ವರ್ಷ ಎಲ್ಲರ ಥರ ಆಫೀಸ್ ಟೇಬಲ್ಲು, ಚಕ್ರದ ಕುರ್ಚಿ, ಅದ್ರಲ್ಲೇ ನಡೀತಿತ್ತು. ಒಂದಿನ ರೆಕಾರ್ಡಿಂಗ್ ಮಧ್ಯ ಹೆಡ್‌ಫೋನ್ ತೆಗೆದಿಟ್ಟು "ರೀ, ಕುರ್ಚಿ ಮೇಲೆ ಕೂತ್ರೆ ನಂಗೆ ಉಸಿರೇ ನಿಲ್ತಿಲ್ಲ, ನಾನು ಕಲ್ತಿದ್ದೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು" ಅಂದ್ಳು. ನಿಜ ಅನ್ನಿಸ್ತು. ಇಲ್ಲಿ ಸಿಗೋ ಸ್ಟುಡಿಯೋ ಡೆಸ್ಕ್‌ಗಳೆಲ್ಲ 29, 30 ಇಂಚು ಎತ್ತರ, ಕುರ್ಚೀಲಿ ಕೂತು ಕೀಬೋರ್ಡ್ ನುಡಿಸೋರ ಮೈಗೆ ಅಳತೆ ಮಾಡಿದ್ದು, ತಂಬೂರಿ ತೊಡೆ ಮೇಲಿಟ್ಟುಕೊಂಡು ಕೂರೋರಿಗೆ ಅಂತ ಒಂದೂ ಕಾಣ್ಲಿಲ್ಲ.

ಆಗ ನೆನಪಾಗಿದ್ದು ತಾತನ ಡೆಸ್ಕು. ತಿಪಟೂರಲ್ಲಿ ನಮ್ ತಾತ ಒಂದು ಕೊಬ್ಬರಿ ಮಂಡೀಲಿ ಲೆಕ್ಕ ಬರೀತಿದ್ರು, ಗಾದಿ ಮೇಲೆ ಕೂತ್ಕೊಂಡು, ಮುಂದೆ ಒಂದು ಇಳಿಜಾರು ಮುಚ್ಚಳದ ತಗ್ಗು ಡೆಸ್ಕು, ಮುಚ್ಚಳ ಎತ್ತಿದ್ರೆ ಒಳಗೆ ಖಾತೆ ಪುಸ್ತಕ, ರಸೀದಿ ಕಟ್ಟು, ಒಂದು ಮೂಲೇಲಿ ನಂಗೆ ಅಂತ ಇಟ್ಟಿರೋ ಪೆಪ್ಪರಮಿಂಟು. ಮೇಲ್ತುದೀಲಿ ಪೆನ್ನು ಉರುಳದ ಹಾಗೆ ಉದ್ದಕ್ಕೂ ಒಂದು ತೋಡು. ಆ ಡೆಸ್ಕು ಈಗಿಲ್ಲ, ಮನೆ ಭಾಗ ಆದಾಗ ಎಲ್ಲಿಗೆ ಹೋಯ್ತೋ ಯಾರಿಗೂ ನೆನಪಿಲ್ಲ. ಅದನ್ನೇ ಸ್ವಲ್ಪ ಅಗಲ ಮಾಡಿ ರೆಕಾರ್ಡಿಂಗ್‌ಗೆ ಒಗ್ಗೋ ಹಾಗೆ ಮಾಡಣ ಅಂತ ಹೋದ ಆಗಸ್ಟ್‌ನಲ್ಲಿ ಶುರು ಮಾಡ್ದೆ, ಮುಗಿದಿದ್ದು ಈ ಮೇ ತಿಂಗಳಲ್ಲಿ.

ಮರ ಮುಟ್ಟೋ ಮೊದ್ಲು ರಟ್ಟಿನ ಡಬ್ಬಿಗಳನ್ನ ಕತ್ತರಿಸಿ, ಟೇಪ್ ಹಾಕಿ ಒಂದು ಸುಳ್ಳು ಡೆಸ್ಕು ಮಾಡಿದ್ವಿ, ವಾರ ಪೂರ್ತಿ ಅವಳು ಅದ್ರ ಮುಂದೆ ಕೂತೇ ಪಾಠ ಮಾಡಿದ್ಳು. ಮಾಡೋರು ಯಾರಾದ್ರೂ ಇದ್ರೆ ಇದೊಂದನ್ನ ಮಾತ್ರ ಬಿಡ್ಬೇಡಿ. ಪೇಪರ್ ಮೇಲೆ ಮಂಡಿಗೆ 7 ಇಂಚು ಜಾಗ ಸಾಕು ಅಂತಿದ್ದೆ, ಕೂತು ನೋಡಿದಾಗ ತಾಳ ಹಾಕೋ ಕೈ ಪ್ರತಿ ಸಲ ಅಡಿ ಹಲಗೆಗೆ ತಗುಲ್ತಿತ್ತು. ಕೊನೆಗೆ ನಿಂತ ಅಳತೆ ಇದು: ಮಂಡಿಗೆ 9.5 ಇಂಚು, ಮುಂದಿನ ಅಂಚು ನೆಲದಿಂದ 12.5, ಹಿಂದಿನ ಅಂಚು 16, ಅಗಲ ಒಟ್ಟು 52 ಇಂಚು. ಬಲಗಡೆ ಮೈಕಿನ ಸಣ್ಣ ಸದ್ದನ್ನ ಏರಿಸೋ ಪ್ರೀಆಂಪು, ಅದನ್ನ ಕಂಪ್ಯೂಟರಿಗೆ ಕಳ್ಸೋ ಇಂಟರ್‌ಫೇಸು ಕೂರೋಕೆ ಒಂದು ರ‍್ಯಾಕ್ ಗೂಡು. ಈ ರ‍್ಯಾಕ್ ಸಾಮಾನಿಗೆ ಎಲ್ಲಾ ಕಡೆ ಒಂದೇ ಅಳತೆ, ಮುಖದ ಪಟ್ಟಿ 19 ಇಂಚು ಅಗಲ, ಒಂದು ಯೂನಿಟ್ ಅಂದ್ರೆ 1.75 ಇಂಚು ಎತ್ತರ, ನಂಗೆ ನಾಲ್ಕು ಯೂನಿಟ್ ಬೇಕಿತ್ತು, ಅಲ್ಲಿಗೆ 7 ಇಂಚು. ಇಲ್ಲೊಂದು ತಪ್ಪು ಮಾಡ್ದೆ. 19 ಇಂಚು ಅಂದ್ರೆ ಒಳಗೂ ಸರಿಯಾಗಿ 19 ಬಿಟ್ಟೆ. ಅಂಟು ಒಣಗಿದ ಮೇಲೆ ಒಂದು ಪಕ್ಕದ ಹಲಗೆ ಕೂದಲೆಳೆಯಷ್ಟು ಒಳಕ್ಕೆ ಬಾಗಿತ್ತು, ಪ್ರೀಆಂಪು ಅರ್ಧಕ್ಕೆ ನಿಂತು ಹಿಂದೂ ಬರ್ದೆ ಮುಂದೂ ಹೋಗ್ದೆ ಸಿಕ್ಕಾಕ್ಕೊಂತು. ಎರಡು ಸಂಜೆ ಒಳಗಡೆ ಉಪ್ಪುಕಾಗದ ಉಜ್ಜಿ ಜಾಗ ಮಾಡಿದ್ದಾಯ್ತು. ಎಂಟನೇ ಒಂದು ಇಂಚು ಜಾಸ್ತಿ ಬಿಟ್ಟಿದ್ರೆ ಮುಗೀತಿತ್ತು.

ಮೈಗೆ 18 ಮಿಲಿಮೀಟರ್ ಬಾಲ್ಟಿಕ್ ಬರ್ಚ್ ಪ್ಲೈವುಡ್ ತಂದೆ, ಅದ್ರಲ್ಲಿ 13 ಪದರ ಇರತ್ತೆ, ಒಳಗೆ ಟೊಳ್ಳು ಕಮ್ಮಿ, ಅಂಚಲ್ಲಿ ಆ ಪದರ ಗೆರೆಗೆರೆಯಾಗಿ ಕಾಣೋದೇ ಚಂದ, ಹಾಗಾಗಿ ಪಟ್ಟಿ ಅಂಟಿಸಿ ಮುಚ್ಚಲಿಲ್ಲ. ಮುಚ್ಚಳಕ್ಕೆ ಮಾತ್ರ ಗಟ್ಟಿ ಮರ ಬೇಕು ಅಂತ ಆಸೆ, ವಾಲ್‌ನಟ್ ತಗೊಂಡೆ. ನಮ್ಮ ಬೀಟೆ ಮರದ ಕಪ್ಪುಗೆಂಪು ಇದಕ್ಕಿಲ್ಲ, ಆದ್ರೂ ಇಲ್ಲಿ ಸುಲಭಕ್ಕೆ ಸಿಗೋ ಮರದಲ್ಲಿ ಕಣ್ಣಿಗೆ ಬೀಟೆ ನೆನಪು ತರೋದು ಇದೇ. ಊರಲ್ಲಿ ಮರದ ಡಿಪೋಲಿ ಘನ ಅಡಿ, ಅಂದ್ರೆ ಸಿಎಫ್‌ಟಿ ಲೆಕ್ಕ, ಇಲ್ಲಿ ಬೋರ್ಡ್ ಫುಟ್ ಲೆಕ್ಕ, ಅಂಥ 12 ಸೇರಿದ್ರೆ ಒಂದು ಸಿಎಫ್‌ಟಿ. ಭಟ್ಟೀಲಿ ಒಣಗಿಸಿದ ಹಲಗೆ, ತೇವ ಶೇಕಡಾ 6ರಿಂದ 8 ಅಷ್ಟೇ ಇರತ್ತೆ. ಹಾಗಂತ ಅದು ಸತ್ತ ಮರ ಅಲ್ಲ, ಚಳಿಗಾಲದಲ್ಲಿ ಹೀಟರ್ ಓಡೋ ಮನೇಲಿ ಗಾಳಿ ಪೂರಾ ಒಣಗಿಬಿಡತ್ತೆ, ತುಟಿ ಕೈ ಒಡೆಯೋ ಹಾಗೇ ಮರಾನೂ ಕುಗ್ಗತ್ತೆ. ತಿಪಟೂರ ಮನೇಲಿ ಮಳೆಗಾಲಕ್ಕೆ ದೇವರ ಮನೆ ಬಾಗಿಲು ಹಿಡ್ಕೊಳ್ತಿತ್ತು, ಬೇಸಿಗೆಗೆ ತಾನಾಗೇ ಸಡಿಲ ಆಗ್ತಿತ್ತು, ಅದೇ ಕಥೆ ಇಲ್ಲಿ ತಿರುಗಾಮುರುಗಾ. ಅದಕ್ಕೇ ಮುಚ್ಚಳದ ಅಡಿಗೆ ಅಡ್ಡಪಟ್ಟಿ ಕೊಟ್ಟಾಗ ಸ್ಕ್ರೂಗೆ ದುಂಡು ತೂತು ಹಾಕ್ದೆ ಉದ್ದುದ್ದ ತೂತು ಕೊರೆದೆ, ಮರ ಉಸಿರಾಡಿದ್ರೂ ಸ್ಕ್ರೂ ಜೊತೆಗೆ ಜರುಗತ್ತೆ. ಜನವರೀಲಿ ಅಳೆದು ನೋಡ್ದೆ, 20 ಇಂಚಿನ ಮುಚ್ಚಳ ಸುಮಾರು ಎಂಟನೇ ಒಂದು ಇಂಚು ಕಮ್ಮಿ ಆಗಿತ್ತು, ಎಲ್ಲೂ ಸೀಳಿರಲಿಲ್ಲ.

ಇಳಿಜಾರು ಇಟ್ಟಿದ್ದು ತಾತನ ಮೇಲಿನ ಪ್ರೀತಿಗೆ. ಆದ್ರೆ ಅದ್ರಿಂದ ಸದ್ದಿಗೇ ಉಪಕಾರ ಆಗತ್ತೆ ಅಂತ ಗೊತ್ತಾಗಿದ್ದು ಆಮೇಲೆ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಸ್ಪೀಕರಿಂದ ಹೊರಟ ಸದ್ದು ಒಂದು ನೇರ ಕಿವಿಗೆ ಬರತ್ತೆ, ಇನ್ನೊಂದು ಡೆಸ್ಕಿನ ಮೇಲೆ ಬಡಿದು ಸುತ್ತಿ ಬರತ್ತೆ. ಸುತ್ತಿ ಬಂದಿದ್ದು 30 ಸೆಂಟಿಮೀಟರ್ ಜಾಸ್ತಿ ದಾರಿ ಸವೆಸಿದ್ರೆ ಸುಮಾರು 570 ಹರ್ಟ್ಸ್ (ಸೆಕೆಂಡಿಗೆ 570 ಕಂಪನ) ಹತ್ರ ಎರಡೂ ಎದುರುಬದುರಾಗಿ ಸದ್ದು ತಗ್ಗತ್ತೆ. ಅವಳು ಹಾಡೋದು ಐದೂವರೆ ಶ್ರುತೀಲಿ, ಅಲ್ಲಿ ಷಡ್ಜ ಸುಮಾರು 208 ಹರ್ಟ್ಸ್, ತಾರ ಸ್ಥಾಯಿ ಶುದ್ಧ ಮಧ್ಯಮ ಸುಮಾರು 554. ಅಂದ್ರೆ ಚರಣದಲ್ಲಿ ಮೇಲೆ ಹೋಗಿ ನಿಲ್ಲೋ ಜಾಗಾನೇ ನಂಗೆ ಕೇಳಿಸೋವಾಗ ಮಂಕು. ಹಳೇ ಟೇಬಲ್ ಮೇಲೆ ಮಿಕ್ಸ್ ಮಾಡೋವಾಗ, ಅಂದ್ರೆ ರೆಕಾರ್ಡ್ ಆದ ಸದ್ದನ್ನ ಹದ ಮಾಡೋವಾಗ, ಅಲ್ಲಿ ದನಿ ಕಮ್ಮಿ ಅನ್ನಿಸಿ ಏರಿಸ್ತಿದ್ದೆ, ಊರಲ್ಲಿ ಅತ್ತೆ ಫೋನಲ್ಲಿ ಕೇಳಿ "ಮೇಲೆ ಹೋದಾಗ ಯಾಕೋ ಕಿರುಚಿದ ಹಾಗಿದೆಯಲ್ಲಪ್ಪ" ಅಂದಿದ್ರು. ಅವರ ಕಿವಿ ಸರಿಯಾಗೇ ಇತ್ತು.

ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಡೆಸ್ಕಿನ ಮೇಲೆ ಕನ್ನಡಿ ಮಲಗಿಸಿ, ಕೂರೋ ಜಾಗದಲ್ಲಿ ಕೂತು ನೋಡಿ, ಕನ್ನಡೀಲಿ ಸ್ಪೀಕರ್ ಕಂಡ್ರೆ ಅಲ್ಲಿ ಬಡಿದ ಸದ್ದು ನಿಮ್ಮ ಕಿವಿಗೇ ಬರ್ತಿದೆ ಅಂತ ಅರ್ಥ. ಹಲಗೆ ನಮ್ಮ ಕಡೆಗೆ 10 ಡಿಗ್ರಿ ವಾಲಿದ್ರೆ ಬಡಿದು ಬರೋ ಸದ್ದು 20 ಡಿಗ್ರಿ ಕೆಳಗಿಳಿಯತ್ತೆ, ಕಿವಿ ಬಿಟ್ಟು ಎದೆ ಕಡೆ. ಮುಚ್ಚಳ ಕೂರಿಸಿದ ದಿನ ಅವಳ ಕುಂಕುಮದ ಕನ್ನಡಿ ತಂದು ಅದ್ರ ಮೇಲೆ ಜರುಗಿಸ್ತಾ ಹೋದೆ, ಸ್ಪೀಕರ್ ಎಲ್ಲೂ ಸಿಗ್ಲಿಲ್ಲ, ಎಲ್ಲಾ ಕಡೆ ಸೀಲಿಂಗೇ ಕಾಣ್ತು. ಆ ಹೊತ್ತಿನ ಖುಷಿ ಈಗ್ಲೂ ಮೈಯಲ್ಲಿದೆ. ಸ್ಪೀಕರ್‌ಗಳನ್ನ ಡೆಸ್ಕಿನ ಮೇಲೆ ಇಡ್ಲಿಲ್ಲ, ಹಿಂದೆ ಬೇರೆಯಾಗೇ ನಿಲ್ಲಿಸಿದೀನಿ. ನೆಲದ ಮೇಲೆ ಕೂತೋರ ಕಿವಿ 30 ಇಂಚಿನ ಆಸುಪಾಸಲ್ಲಿ ಇರತ್ತೆ, ಅಂಗಡಿ ಸ್ಟ್ಯಾಂಡ್ ಅದಕ್ಕೆ ತುಂಬಾ ಎತ್ತರ, ಅದಕ್ಕೆ ಎರಡು ಸಿಮೆಂಟ್ ಬ್ಲಾಕು ನೆಟ್ಟಗೆ ನಿಲ್ಸಿ, ಕಪ್ಪು ಬಟ್ಟೆ ಸುತ್ತಿ, ಮೇಲೆ ದಪ್ಪ ಫೋಮ್ ಇಟ್ಟೆ. ಒಂದಿಷ್ಟೂ ಅಲುಗಲ್ಲ.

ಇನ್ನು ಪಾಲಿಶ್. ಅಕ್ಟೋಬರಲ್ಲಿ ಚಳಿ ಬೀಳೋ ಮೊದ್ಲು ಗ್ಯಾರೇಜಲ್ಲಿ ಮುಚ್ಚಳಕ್ಕೆ ಒಂದು ಕೋಟ್ ಶೆಲ್ಯಾಕ್ ಅನ್ನೋ ಪಾಲಿಶ್ ಹೊಡೆದೆ, ವಾಲ್‌ನಟ್ ಬಣ್ಣ ಏನು ತೆರ‍್ಕೊಂತು ಅಂತೀರಿ. ಆಮೇಲೆ ಗಟ್ಟಿ ಇರ್ಲಿ ಅಂತ ಅದ್ರ ಮೇಲೆ ನೀರಿನ ಪಾಲಿಯುರೆಥೇನ್ ವಾರ್ನಿಶ್ ಮೂರು ಕೋಟ್, ಬೇಸ್‌ಮೆಂಟಲ್ಲಿ. ನೋಡೋಕೆ ಕನ್ನಡಿ ಥರ ಬಂತು. ಫೆಬ್ರವರೀಲಿ ಕೇಬಲ್ ಗುರುತಿಗೆ ಅಂತ ಮುಚ್ಚಳದ ಮೇಲೆ ಒಂದು ಟೇಪ್ ತುಂಡು ಅಂಟಿಸಿ ಕಿತ್ತೆ, ಅದ್ರ ಜೊತೆಗೆ ಪಾಲಿಶ್ ಕೂಡ ಹಾಳೆ ಹಾಳೆಯಾಗಿ ಎದ್ದು ಬಂತು, ಹಾಲಿನ ಕೆನೆ ಎತ್ತಿದ ಹಾಗೆ. ಕಾರಣ ಹುಡುಕಿದ್ರೆ ಸಿಕ್ಕಿದ್ದು ಇದು: ಶೆಲ್ಯಾಕ್‌ನಲ್ಲಿ ಸಹಜವಾಗೇ ಮೇಣ ಇರತ್ತೆ, ಮೇಣದ ಮೇಲೆ ಪಾಲಿಯುರೆಥೇನ್ ಸರಿಯಾಗಿ ಹಿಡಿಯಲ್ಲ. ಮೇಣ ತೆಗೆದಿರೋ ಶೆಲ್ಯಾಕ್ ಅಂತಾನೇ ಬೇರೆ ಸಿಗತ್ತೆ, ನಾನು ತಂದಿದ್ದು ಮಾಮೂಲಿದು. ಆ ಸಂಜೆ ಬಹಳ ಬೇಜಾರಾಯ್ತು, ಮೂರು ದಿನ ಬೇಸ್‌ಮೆಂಟ್‌ಗೆ ಇಳೀಲಿಲ್ಲ.

ನಾಲ್ಕನೇ ದಿನ ಸ್ಕ್ರೇಪರ್ ಹಿಡಿದು ಎಲ್ಲಾ ಕೆರೆದು ತೆಗೆದೆ. ಈ ಸಲ ಪಾಲಿಯುರೆಥೇನ್ ಸಹವಾಸ ಬೇಡ, ಊರಲ್ಲಿ ಆಚಾರ್ರು ಬಟ್ಟೆ ಉಂಡೇಲಿ ಹಾಕೋ ಫ್ರೆಂಚ್ ಪಾಲಿಶ್ಶೇ ಹಾಕೋದು ಅಂತ ನಿರ್ಧಾರ ಮಾಡ್ದೆ. ಅದೂ ಶೆಲ್ಯಾಕೇ, ಅಂದ್ರೆ ನಮ್ಮ ಅರಗು. ಮುತ್ತುಗ, ಬೋರೆ, ಕುಸುಮದ ಮರದ ಕೊಂಬೆ ಮೇಲೆ ಒಂದು ಸಣ್ಣ ಹುಳ ಸುರಿಸೋ ರಾಳ, ನಮ್ಮ ದೇಶದಲ್ಲಿ ಹೆಚ್ಚು ಬೆಳೆಯೋದು ಜಾರ್ಖಂಡ್ ಕಡೆ, ಚನ್ನಪಟ್ಟಣದ ಗೊಂಬೆ ಮೇಲಿನ ಹೊಳಪೂ ಇದೇ ಅರಗಿಂದು. ರೆಕಾರ್ಡಿಂಗಿಗೂ ಇದಕ್ಕೂ ಹಳೇ ನಂಟಿದೆ, 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳನ್ನ ಮಾಡ್ತಿದ್ದಿದ್ದು ಶೆಲ್ಯಾಕ್ ಬೆರೆಸೇ. 1902ರಲ್ಲಿ ಕಲ್ಕತ್ತೇಲಿ ಅಂಥ ತಟ್ಟೆಗೆ ಹಾಡಿದ ಗೌಹರ್ ಜಾನ್, ಕೊನೇಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು 1930ರಲ್ಲಿ ತೀರ‍್ಕೊಂಡಿದ್ದು ನಮ್ಮ ಮೈಸೂರಲ್ಲೇ. ಅದೇ ಅರಗನ್ನ ಹಾಡಿನ ಡೆಸ್ಕಿಗೆ ಸವರ್ತಿದೀನಿ ಅನ್ನೋದು ಕೆಲಸದುದ್ದಕ್ಕೂ ಮನಸಲ್ಲಿತ್ತು.

ಆದ್ರೆ ಅರಗು ಕರಗೋದು ಸ್ಪಿರಿಟ್‌ನಲ್ಲಿ, ಅದ್ರ ಆವಿ ಬೆಂಕಿ ಕಂಡ್ರೆ ಭಗ್ ಅಂತ ಹತ್ಕೊಳ್ಳತ್ತೆ. ಬೇಸ್‌ಮೆಂಟಲ್ಲೇ ಮನೆ ಕಾಯಿಸೋ ಫರ್ನೇಸು, ಗ್ಯಾಸ್ ವಾಟರ್ ಹೀಟರು ಎರಡೂ ಇದೆ, ಅಲ್ಲಿ ಈ ಕೆಲಸ ಯಾವತ್ತಿಗೂ ಮಾಡ್ಬೇಡಿ. ಗ್ಯಾರೇಜಲ್ಲಿ ಹಿಮ. ಹಾಗಾಗಿ ಏಪ್ರಿಲ್ ಕೊನೆವರೆಗೂ ಬರೀ ಮರ ಇಟ್ಕೊಂಡು ಕಾದೆ. ಬಿಸಿಲು ಬಂದ ಮೊದಲನೇ ಶನಿವಾರ ಗ್ಯಾರೇಜ್ ಬಾಗಿಲು ಪೂರ್ತಿ ಎತ್ತಿ ಶುರು. ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಅರಗಿನ ಚಕ್ಕೆ, ಹಿಂದಿನ ರಾತ್ರೀನೇ ನೆನೆ ಹಾಕಿದ್ದು, ಬೆಳಿಗ್ಗೆಗೆ ಬೆಲ್ಲದ ಪಾಕದ ಬಣ್ಣ. ಹಳೇ ಸ್ವೆಟರಿನ ಉಣ್ಣೆ ಒಳಗೆ, ಅಪ್ಪ ಹೋದ ಸಲ ಬಂದಾಗ ಬಿಟ್ಟುಹೋದ ಹತ್ತಿ ಪಂಚೆ ತುಂಡು ಹೊರಗೆ, ನಿಂಬೆ ಗಾತ್ರದ ಉಂಡೆ. ಅದ್ದಿ, ಹಿಂಡಿ, ಒಂದು ಹನಿ ಎಣ್ಣೆ ಮುಟ್ಟಿಸಿ, ಎಲ್ಲೂ ನಿಲ್ಲಿಸ್ದೆ ಸುತ್ತು ಸುತ್ತು. ಕ್ಷಣ ಕೈ ನಿಂತ್ರೆ ಬಟ್ಟೆ ಅಂಟ್ಕೊಳ್ಳತ್ತೆ, ಅಲ್ಲಿ ಕಲೆ. ಮೊದಮೊದಲು ಏನೂ ಕಾಣಲ್ಲ, ಉಂಡೆ ಹಿಂದೆ ಮಂಜು ಹಿಡಿದ ಹಾಗೆ ಒಂದು ಗೆರೆ ಬಂದು ಮಾಯ ಆಗತ್ತೆ ಅಷ್ಟೇ. ಐದನೇ ದಿನವೋ ಆರನೇ ದಿನವೋ ಬಗ್ಗಿ ನೋಡಿದಾಗ ಮರದ ನಾರು ಒಳಗಿಂದ ಬೆಳಕು ಹಾಕಿದ ಹಾಗೆ ಕಂಡಿತು. ಆ ವಾಸನೆಗೆ ತಿಪಟೂರಲ್ಲಿ ಅತ್ತೆ ಮದುವೆ ಮುಂಚೆ ಬಾಗಿಲು ಕಿಟಕಿಗೆಲ್ಲಾ ಪಾಲಿಶ್ ಹಾಕ್ಸಿದ್ದು, ಜಗಲಿ ಮೇಲೆ ಆಚಾರ್ರು ಕೂತಿದ್ದು, ಎಲ್ಲಾ ಕಣ್ಣಮುಂದೆ ಬಂತು.

ಫ್ರೆಂಚ್ ಪಾಲಿಶ್‌ಗೆ ಬಿಸಿ ಆಗಲ್ಲ, ಕಾಫಿ ಲೋಟ ಇಟ್ರೆ ಬಿಳೀ ಉಂಗುರ ಬೀಳತ್ತೆ, ಹಾಗಾಗಿ ಲೋಟಕ್ಕೆ ಅಂತ ಪಕ್ಕದಲ್ಲಿ ಒಂದು ಮಣೆ ಇಟ್ಟಿದೀವಿ. ಆದ್ರೆ ಎಲ್ಲಾದ್ರೂ ಗೀಚಿದ್ರೆ ಮತ್ತೆ ಅದೇ ಉಂಡೆ ಆಡಿಸಿದ್ರಾಯ್ತು, ಹೊಸ ಅರಗು ಹಳೇದರೊಳಗೆ ಕರಗಿ ಒಂದಾಗತ್ತೆ, ಪೂರ್ತಿ ಕೆರೆಯೋ ಪಾಡಿಲ್ಲ.

ಮೇ ಎರಡನೇ ವಾರ ಕೆಳಗೆ ಇಳಿಸಿ ಜೋಡಿಸಿದ್ವಿ. ಅವಳು ಚಾಪೆ, ಅದ್ರ ಮೇಲೆ ದಿಂಬು ಹಾಕ್ಕೊಂಡು ಕೂತು, ತಂಬೂರಿ ಶ್ರುತಿ ಮಾಡಿ, ಪುರಂದರದಾಸರ ಒಂದು ದೇವರನಾಮ ಹಾಡಿದ್ಳು. ಮಧ್ಯ ನಿಲ್ಲಿಸ್ಲಿಲ್ಲ, ಕಾಲು ಸರಿಮಾಡ್ಕೊಳ್ಲಿಲ್ಲ, ಒಂದೇ ಟೇಕು. ನಾನು ಪಕ್ಕದಲ್ಲೇ ನೆಲದ ಮೇಲೆ ಕೂತು ಕೇಳ್ದೆ, ತಾರ ಮಧ್ಯಮ ತುಂಬಿಕೊಂಡು ಬಂತು, ಯಾವ ಗುಂಡಿನೂ ಮುಟ್ಟಲಿಲ್ಲ.

ಅವತ್ತು ರಾತ್ರಿ ಅಪ್ಪಂಗೆ ವಿಡಿಯೋ ಕಾಲ್ ಮಾಡಿ ತೋರಿಸ್ದೆ. ಮುಚ್ಚಳ ಎತ್ತು ಅಂದ್ರು, ಎತ್ತಿದೆ, ಒಳಗೆ ಕೇಬಲ್ಲು, ಸಾಹಿತ್ಯದ ಪುಸ್ತಕ, ಮಗಳು ಆಗ್ಲೇ ತಂದಿಟ್ಟಿದ್ದ ಚಾಕ್ಲೇಟು. ಮುಚ್ಚು ಅಂದ್ರು. ಆಮೇಲೆ ಫೋನ್ ಹತ್ರ ಮುಖ ತಂದು "ಮೇಲ್ಗಡೆ ಪೆನ್ನಿಡೋಕೆ ತೋಡಿತ್ತಲ್ಲೋ, ಅದ್ ಮಾಡಿದೀಯೇನೋ" ಅಂದ್ರು. ಮಾಡಿದ್ದೆ. ಕ್ಯಾಮೆರಾ ಆ ಕಡೆ ತಿರುಗಿಸ್ದೆ, ತೋಡಲ್ಲಿ ಅವಳ ಪೆನ್ಸಿಲ್ಲು ಇತ್ತು. ಅಪ್ಪ ಸುಮಾರು ಹೊತ್ತು ಅದನ್ನೇ ನೋಡ್ತಾ ಇದ್ರು.