ಪ್ರೊಜೆಕ್ಟರ್ ದೀಪ, ಭಾಗ 3: ಮಿಣುಕಾಟ ನಿಂತಿತು, ಸಿಕ್ಕಿಬಿದ್ದದ್ದು ಫ್ಯಾನು

ಕೊನೆಗೂ ನಿಂತಿತು. 240 ವ್ಯಾಟ್‌ನ ಹೊಸ ಬಲ್ಬು ಈಗ ಕಡಿಮೆ ಪವರಿನ ಇಕೋ ಮೋಡ್‌ನಲ್ಲಿ ಇಡೀ ಸಿನಿಮಾ ಒಂದೇ ಸಮನೆ ಉರಿಯುತ್ತಿದೆ. ಹೌಸಿಂಗ್ ಬಿಚ್ಚಿ ಬರೀ ಬಲ್ಬು ಬದಲಿಸುವುದು, ಗ್ಲೌಸು, ಲ್ಯಾಂಪ್ ಅವರ್ ರೀಸೆಟ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಈ ಕಂತು ಪೂರ್ತಿ ಮಿಣುಕಾಟಕ್ಕೇ ಮೀಸಲು.

ಫುಲ್ ಪವರ್‌ನಲ್ಲಿ ತೊಂದರೆಯಿರಲಿಲ್ಲ. ಇಕೋಗೆ ಹಾಕಿ ಕಾಲು ಗಂಟೆ ಕಳೆಯುವಷ್ಟರಲ್ಲಿ ಬೆಳಕು ತಟ್ಟನೆ ಇಳಿಯುತ್ತಿತ್ತು, ಏರುತ್ತಿತ್ತು. ಬಿಳಿ ಪರದೆಯ ನಡುವೆ ಬೆಳಕು ಅಳೆಯುವ ಲಕ್ಸ್ ಮೀಟರ್ ಹಿಡಿದರೆ 310, 288, ಮತ್ತೆ 310.

ಮೊದಲು ಡೈನಾಮಿಕ್ ಬ್ಲ್ಯಾಕ್ ಥರದ್ದೆಲ್ಲ ಆಫ್ ಮಾಡಬೇಕು. ಅವು ಚಿತ್ರಕ್ಕೆ ತಕ್ಕಂತೆ ದೀಪದ ಪವರನ್ನೇ ಬದಲಿಸುತ್ತವೆ. ಆಮೇಲೆ ಬರೀ ಕೆಂಪು, ಬರೀ ಹಸಿರು, ಬರೀ ನೀಲಿ ಪರದೆ. ಮೂರರಲ್ಲೂ ಕುಸಿತ ಒಂದೇ ಅಳತೆ, ಹಾಗಾಗಿ ಬೆಳಕಿಗೆ ಬಣ್ಣ ಕೊಡುವ ತಿರುಗುಚಕ್ರ, ಕಲರ್ ವೀಲ್, ಪಾರು. ಯುಪಿಎಸ್ ಮೇಲೆ ಓಡಿಸಿದರೂ ಅದೇ ಹಾಡು, ಕರೆಂಟಿನ ಏರಿಳಿತವೂ ಪಾರು. ನಿಜವಾದ ಸುಳಿವು ಕೊಟ್ಟದ್ದು ಪರದೆಯ ಬಲಮೂಲೆ: ಕುಸಿತದ ಹೊತ್ತಿಗೆ ಅದು ಉಳಿದ ಕಡೆಗಿಂತ ಹೆಚ್ಚು ಮಂಕಾಗುತ್ತಿತ್ತು. ಅಂದರೆ ಬಲ್ಬಿನೊಳಗೆ ಬೆಳಕು ಕೊಡುವ ವಿದ್ಯುತ್ ಕಿಡಿ, ಆರ್ಕ್, ಕೂತಲ್ಲಿ ಕೂರುತ್ತಿಲ್ಲ.

ಈ ಪಾದರಸದ ದೀಪಗಳಲ್ಲಿ ಎರಡು ಟಂಗ್‌ಸ್ಟನ್ ತುದಿಗಳ ನಡುವಿನ ಅಂತರ ಸುಮಾರು 1 ಮಿ.ಮೀ. ಫುಲ್ ಪವರ್‌ನಲ್ಲಿ ತುದಿ ಚೆನ್ನಾಗಿ ಕಾದು ನುಣುಪಾಗಿ ಉಳಿಯುತ್ತದೆ, ಆರ್ಕ್ ಅಲ್ಲೇ ನೆಲೆಯೂರುತ್ತದೆ. ಪವರ್ ಇಳಿದರೆ ತುದಿ ತಣ್ಣಗಾಗಿ ಅಲ್ಲಲ್ಲಿ ಸಣ್ಣ ಮೊಳಕೆಗಳು ಏಳುತ್ತವೆ, ಆರ್ಕ್ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಹಳೆಯ ಮದ್ದು ಗೊತ್ತೇ ಇದೆ: ಎರಡು ಗಂಟೆ ಫುಲ್ ಪವರ್. ಕೆಲಸ ಮಾಡಿತು, ಆದರೆ ನಾಲ್ಕು ಸಿನಿಮಾ ಮುಗಿಯುವಷ್ಟರಲ್ಲಿ ಮಿಣುಕಾಟ ವಾಪಸ್.

ಸಹಜವಾಗಿ ಬೈಗುಳ ಬಲ್ಬು ಮಾರಿದವನಿಗೆ ಹೋಯಿತು. ಅವನೇನು ಸಾಚಾ ಅಲ್ಲ: ‘ಒರಿಜಿನಲ್’ ಸ್ಟಿಕ್ಕರ್ ಮೂಲೆಯಲ್ಲಿ ಎದ್ದಿತ್ತು, ಬಿಲ್ ಕೇಳಿದರೆ ವಾಟ್ಸಾಪ್ ಫೋಟೋ. ಆದರೂ ಭೂತಗನ್ನಡಿಯಲ್ಲಿ ನೋಡಿದರೆ ಬಲ್ಬಿನ ಕ್ವಾರ್ಟ್ಜ್ ಗಾಜು ಸ್ವಚ್ಛ, ಕಪ್ಪು ಕಲೆಯಿಲ್ಲ, ಬಿಳಿ ಮಬ್ಬಿಲ್ಲ. ಓಡಿದ ಬಲ್ಬನ್ನು ಹೊಸದೆಂದು ದಾಟಿಸಿದ್ದರೆ ಇವುಗಳಲ್ಲಿ ಒಂದಾದರೂ ಕಾಣಬೇಕಿತ್ತು.

ಉಳಿದದ್ದು ಗಾಳಿ. ಸೆಕೆಂಡ್ ಹ್ಯಾಂಡ್ ಸೆಟ್ಟು. ಮೆನುವಿನ ಆಳದಲ್ಲಿ ಹೈ ಆಲ್ಟಿಟ್ಯೂಡ್ ಮೋಡ್, ಅಂದರೆ ಫ್ಯಾನನ್ನು ಜೋರಾಗಿ ಓಡಿಸುವ ಸೆಟ್ಟಿಂಗ್, ಆನ್ ಆಗಿ ಕೂತಿತ್ತು. ಬಲ್ಬು ಬದಲಿಸಿದರೂ, ಗಂಟೆ ಲೆಕ್ಕ ಸೊನ್ನೆ ಮಾಡಿದರೂ ಅದು ಹಾಗೇ ಉಳಿಯುತ್ತದೆ. ಸಾಮಾನ್ಯವಾಗಿ 1,500 ಮೀಟರ್‌ನಿಂದ ಮೇಲಿನ ಊರುಗಳಿಗೆಂದು ಇಟ್ಟಿರುವ ಸೌಲಭ್ಯ ಇದು. ಊಟಿಯಲ್ಲಿ ಬೇಕು. ಬೆಂಗಳೂರು 920ರ ಆಸುಪಾಸು, ಮಡಿಕೇರಿ ಕೂಡ 1,150 ಅಷ್ಟೇ. ‘ಹೆಚ್ಚು ಗಾಳಿ, ಹೆಚ್ಚು ಬಾಳಿಕೆ’ ಎಂದು ಆನ್ ಮಾಡಿಡುವವರು ಬೇಕಾದಷ್ಟಿದ್ದಾರೆ.

ಆಗುವುದು ತದ್ವಿರುದ್ಧ. ಕ್ವಾರ್ಟ್ಜ್ ಗೋಡೆ ಸಾಕಷ್ಟು ಬಿಸಿಯಿದ್ದರೇನೇ ಪಾದರಸ ಪೂರ್ತಿ ಆವಿಯಾಗಿ ಉಳಿಯುತ್ತದೆ. ಆಗಲೇ ಒಳಗಿನ ಚೂರು ಹ್ಯಾಲೊಜೆನ್ ಅನಿಲದ ಚಕ್ರವೂ ನಡೆದು, ಆವಿಯಾದ ಟಂಗ್‌ಸ್ಟನ್ ಗೋಡೆಗೆ ಅಂಟದೆ ತುದಿಗೆ ಮರಳುತ್ತದೆ. ಇಕೋದ ಕಡಿಮೆ ಪವರ್ ಜತೆ ಜೋರು ಗಾಳಿಯೂ ಸೇರಿದರೆ ಇದೆಲ್ಲ ಕೆಟ್ಟು ಆರ್ಕ್ ನೆಲೆ ತಪ್ಪುತ್ತದೆ, ಕ್ರಮೇಣ ಗೋಡೆ ಕಪ್ಪಾಗುತ್ತದೆ. ಕಪ್ಪು ಗೋಡೆ ಬೆಳಕನ್ನು ಹೀರಿ ಅಲ್ಲಷ್ಟೇ ಅತಿಯಾಗಿ ಕಾಯುತ್ತದೆ, ಕ್ವಾರ್ಟ್ಜ್ ಉಬ್ಬುತ್ತದೆ. ಡಬ್ಬದ ಮೇಲಿನ 4,000 ಗಂಟೆಯೆಂದರೆ ಬೆಳಕು ಅರ್ಧಕ್ಕೆ ಇಳಿಯುವವರೆಗಿನ ಲೆಕ್ಕ ಅಷ್ಟೇ. ಅದನ್ನೂ ಕೈಯಾರೆ ಕಡಿಮೆ ಮಾಡಿಕೊಂಡಂತೆ. ಹಾಗಂತ ಫಿಲ್ಟರ್ ಧೂಳು ತೆಗೆಯದೆ ಬಿಡುವಂತಿಲ್ಲ, ಅತಿ ಬಿಸಿಯಾದರೂ ಕ್ವಾರ್ಟ್ಜ್ ಬೆಳ್ಳಗೆ ಮಬ್ಬಾಗುತ್ತದೆ.

ಮೋಡ್ ಆಫ್ ಮಾಡಿ, ಎರಡು ಗಂಟೆ ಫುಲ್ ಪವರ್ ಕೊಟ್ಟು, ಇಕೋಗೆ ಇಳಿಸಿದ್ದಾಯಿತು. ಲಕ್ಸ್ ಮೀಟರ್ 310ರಿಂದ ಕದಲಿಲ್ಲ. ಇನ್ನು ಪ್ರತಿ 100 ಗಂಟೆಗೆ ಅದೇ ಬಿಳಿ ಪರದೆ, ಅದೇ ಝೂಮ್, ಅದೇ ಜಾಗದಲ್ಲಿ ಅಳತೆ. 155 ತಲುಪಿದ ದಿನ ಹೊಸ ಬಲ್ಬು.

ಯುಪಿಎಸ್ ಅಲ್ಲೇ ಉಳಿಯುತ್ತದೆ. ಕರೆಂಟ್ ಹೋದರೆ ಫ್ಯಾನ್ ತಕ್ಷಣ ಸತ್ತು ಬಲ್ಬು ತನ್ನ ಬಿಸಿಯಲ್ಲೇ ಬೇಯುತ್ತದೆ. 600 ವಿಎ ಸಾಮರ್ಥ್ಯದ್ದು ಸಾಕು, ಪ್ರೊಜೆಕ್ಟರ್ ಆಫ್ ಮಾಡಿ ಎರಡು ನಿಮಿಷ ತಣಿಸಿದರೆ ಮುಗಿಯಿತು.

ಅಂದಹಾಗೆ ಹಶ್ ಬಾಕ್ಸ್, ಅಂದರೆ ಪ್ರೊಜೆಕ್ಟರಿನ ಸದ್ದು ಅಡಗಿಸುವ ಪೆಟ್ಟಿಗೆಯ ಕೆಲಸ, ಶುರುವಾಗಿದೆ. ಒಳಗಿನ ಗಾಳಿ ಕೋಣೆಗಿಂತ 5 ಡಿಗ್ರಿ ಮೀರಬಾರದು ಎಂಬ ಗುರಿ, 120 ಮಿ.ಮೀ.ನ ಎರಡು ಫ್ಯಾನ್, ಬಿಸಿಗಾಳಿ ಸುತ್ತಿ ವಾಪಸ್ ಒಳಗೆ ಬರದಂತೆ ನಡುವೆ ಅಡ್ಡಗೋಡೆ. 12 ಮಿ.ಮೀ. ಪ್ಲೈವುಡ್ ಬಂದಿದೆ. ಅದರ ಮುಂಭಾಗದ ಗಾಜು ಕೊಡಬೇಕಾದ ಅಂಗಡಿಯವನು ಮಾತ್ರ ‘ನಾಳೆ ಗ್ಯಾರಂಟಿ ಸಾರ್’ ಅನ್ನುತ್ತಲೇ ಇದ್ದಾನೆ.